ವ್ಯೂಹದಲ್ಲಿ ವ್ಯೋಮನೌಕೆಗಳು: ಭೂಮಿಯ ಕಾಂತ ಪರಿಸರದ ಅಳತೆ

(ಹೈದರಾಬಾದಿನ ನಾರಾಯಣಗೂಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)

ಭೂಮಿಯ ಸುತ್ತಲಿನ ಕಾಂತಕ್ಷೇತ್ರವನ್ನು ಅಂತರಿಕ್ಷದಿಂದ ಅಳೆಯಲು ಹೊರಟವರನ್ನು ಮೊದಲ ದಿನದಿಂದಲೂ ಕಾಡಿದ ತೊಡಕು ಒಂದೇ: ಅಳೆಯುವ ನೌಕೆಯೂ ಚಲಿಸುತ್ತಿರುತ್ತದೆ, ಅಳೆಯಬೇಕಾದ ಕ್ಷೇತ್ರವೂ ಚಲಿಸುತ್ತಿರುತ್ತದೆ. ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ ಸಾಗುವ ನೌಕೆಯ ಕಾಂತಮಾಪಕ ಹಠಾತ್ತನೆ ಬೇರೊಂದು ಅಂಕಿಯನ್ನು ತೋರಿಸಿದರೆ ಅದಕ್ಕೆ ಎರಡು ಅರ್ಥಗಳು ಸಾಧ್ಯ. ನೌಕೆ ಒಂದು ವಲಯದಿಂದ ಇನ್ನೊಂದಕ್ಕೆ ದಾಟಿರಬಹುದು. ಇಲ್ಲವೇ ನೌಕೆಯಿದ್ದ ವಲಯವೇ ಆ ಗಳಿಗೆಯಲ್ಲಿ ಬದಲಾಗಿರಬಹುದು. ಒಂಟಿ ನೌಕೆ ಎಷ್ಟೇ ನಿಖರವಾಗಿದ್ದರೂ ಈ ಎರಡರ ನಡುವೆ ತೀರ್ಪು ಹೇಳಲಾರದು. ರಥಬೀದಿಯ ಮನೆಯೊಳಗೆ ಒಂದೇ ಕಿಂಡಿಯಿಂದ ನೋಡುವವನಿಗೆ ತೇರು ಹಾದುಹೋದದ್ದು ತಿಳಿಯುತ್ತದೆಯೇ ಹೊರತು, ಅದು ಉದ್ದನೆಯ ತೇರಾಗಿದ್ದು ಬೇಗ ಸಾಗಿತೋ, ಚಿಕ್ಕದಾಗಿದ್ದು ನಿಧಾನವಾಗಿ ಸಾಗಿತೋ ತಿಳಿಯುವುದಿಲ್ಲ. ದೇಶವನ್ನೂ ಕಾಲವನ್ನೂ ಹೀಗೆ ಬೇರ್ಪಡಿಸುವುದಕ್ಕಾಗಿಯೇ ಹಲವು ನೌಕೆಗಳನ್ನು ಗೊತ್ತಾದ ಆಕಾರದಲ್ಲಿ, ಗೊತ್ತಾದ ಅಂತರದಲ್ಲಿ ಹಾರಿಸುವ ವ್ಯೂಹಬದ್ಧ ಹಾರಾಟದ ವಿದ್ಯೆ ಬೆಳೆಯಿತು. ಈ ವಿದ್ಯೆಯ ಹಿಂದಿರುವ ತರ್ಕ ಯಾವುದು, ಅದರಿಂದ ತಿಳಿದದ್ದೇನು, ಭಾರತದ ಮಟ್ಟಿಗೆ ಅದು ಎಲ್ಲಿ ಅನ್ವಯಿಸಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಭೂಮಿಯ ಹೊರಗರ್ಭದಲ್ಲಿ ಕುದಿಯುವ ದ್ರವಲೋಹದ ಚಲನೆಯಿಂದ ಹುಟ್ಟುವ ಕಾಂತಕ್ಷೇತ್ರ ಹೈದರಾಬಾದಿನ ನೆಲದ ಮೇಲೆ 40 ಸಾವಿರ ನ್ಯಾನೊಟೆಸ್ಲಾಗಿಂತ ತುಸು ಹೆಚ್ಚಿರುತ್ತದೆ. ನ್ಯಾನೊಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲವನ್ನು ಹೇಳುವ ಏಕಮಾನವಾದ ಟೆಸ್ಲಾದ ನೂರು ಕೋಟಿಯಲ್ಲಿ ಒಂದು ಪಾಲು. ಸೂರ್ಯನ ದಿಕ್ಕಿನಲ್ಲಿ ಸುಮಾರು 65 ಸಾವಿರ ಕಿಲೋಮೀಟರ್ ದೂರ ಹೋದರೆ ಈ ಬಲ ಕೆಲವೇ ಹತ್ತು ನ್ಯಾನೊಟೆಸ್ಲಾಗಳಿಗೆ ಇಳಿದಿರುತ್ತದೆ, ಮತ್ತು ಅಲ್ಲಿಯೇ ಅದು ಸೌರಮಾರುತವನ್ನು, ಅಂದರೆ ಸೂರ್ಯನಿಂದ ಸೆಕೆಂಡಿಗೆ ಸರಾಸರಿ 400 ಕಿಲೋಮೀಟರ್ ವೇಗದಲ್ಲಿ ಬೀಸುವ ವಿದ್ಯುದಾವಿಷ್ಟ ಕಣಗಳ ಪ್ರವಾಹವನ್ನು, ಎದುರುಗೊಳ್ಳುತ್ತದೆ. ಎರಡರ ಒತ್ತಡ ಸಮವಾಗುವ ತೆಳು ಪೊರೆಗೆ ಕಾಂತಸೀಮೆಯೆಂದೂ, ಅದರ ಒಳಗಿನ ಇಡೀ ಪ್ರದೇಶಕ್ಕೆ ಕಾಂತಗೋಳವೆಂದೂ ಹೆಸರು. ಹೆಸರಿನಲ್ಲಿ ಗೋಳವಿದ್ದರೂ ಆಕಾರ ಗೋಳದ್ದಲ್ಲ. ಹಗಲಿನ ಬದಿಯಲ್ಲಿ ಅದುಮಿಕೊಂಡು, ಇರುಳಿನ ಬದಿಯಲ್ಲಿ ಚಂದ್ರನ ಕಕ್ಷೆಯನ್ನೂ ಮೀರಿ ಬಾಲದಂತೆ ಚಾಚಿಕೊಂಡಿರುವ ಈ ರಚನೆ ಸೌರಮಾರುತದ ಪ್ರತಿಯೊಂದು ಏರಿಳಿತಕ್ಕೂ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ.

ಹಲವು ಸ್ಥಳಗಳಲ್ಲಿ ಏಕಕಾಲಕ್ಕೆ ಅಳೆಯಬೇಕೆಂಬ ಅರಿವು ಅಂತರಿಕ್ಷಯುಗಕ್ಕಿಂತ ಬಹಳ ಹಳೆಯದು. 1830ರ ದಶಕದಲ್ಲಿ ಗಟ್ಟಿಂಗೆನ್ನಿನ ಗೌಸ್ ಮತ್ತು ವೆಬರ್ ಯೂರೋಪಿನ ವೀಕ್ಷಣಾಲಯಗಳನ್ನು ಒಂದು ಸಂಘವಾಗಿ ಕಟ್ಟಿ, ನಿಗದಿಯಾದ ದಿನಗಳಲ್ಲಿ ಒಂದೇ ಗಡಿಯಾರದ ಪ್ರಕಾರ ಎಲ್ಲರೂ ಸೂಜಿಯನ್ನು ಓದುವ ವ್ಯವಸ್ಥೆ ಮಾಡಿದ್ದರು. ಭಾರತದಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯ 1841ರಲ್ಲಿ ಕಾಂತಮಾಪನವನ್ನು ಆರಂಭಿಸಿತು. 1859ರ ಸೆಪ್ಟೆಂಬರಿನ ಮಹಾ ಕಾಂತಬಿರುಗಾಳಿಯ ಸಮಯದಲ್ಲಿ ಸಮತಲ ಕ್ಷೇತ್ರ ಸುಮಾರು 1600 ನ್ಯಾನೊಟೆಸ್ಲಾ ಕುಸಿದದ್ದನ್ನು ಅಲ್ಲಿನ ವೀಕ್ಷಕರು ಕಣ್ಣಿನಿಂದಲೇ ಓದಿ ಬರೆದಿಟ್ಟರು. ಆ ಬಿರುಗಾಳಿಯ ತೀವ್ರತೆಯನ್ನು ಇಂದಿನ ವಿಜ್ಞಾನಿಗಳು ಅಂದಾಜು ಮಾಡುವಾಗ ಆಧಾರವಾಗಿ ಹಿಡಿಯುವುದು ಈ ದಾಖಲೆಯನ್ನೇ. ಮುಂಬಯಿಯ ಟ್ರಾಮುಗಳಿಗೆ ವಿದ್ಯುತ್ ಹರಿಸುವ ನಿರ್ಧಾರವಾದಾಗ, ಆ ವಿದ್ಯುತ್ತಿನ ಕಾಂತಪ್ರಭಾವದಿಂದ ಅಳತೆ ಕೆಡುವುದನ್ನು ಮುಂಗಂಡ ನಾನಾಭಾಯ್ ಮೂಸ್ ಅವರ ಕಾಲದಲ್ಲಿ ಕೆಲಸ ಅಲಿಬಾಗಿಗೆ ಸ್ಥಳಾಂತರಗೊಂಡಿತು. 1904ರಿಂದ ಕೆಲಕಾಲ ಎರಡೂ ಕಡೆ ಜೊತೆಜೊತೆಯಾಗಿ ಅಳೆದು, ಹಳೆಯ ಮತ್ತು ಹೊಸ ದಾಖಲೆಗಳನ್ನು ಬೆಸೆಯಲಾಯಿತು.

ಹೈದರಾಬಾದಿನಲ್ಲಿ ಇದೇ ಬಗೆಯ ಕೆಲಸ ನಡೆಯುತ್ತಿರುವ ಸ್ಥಳ ನಾರಾಯಣಗೂಡದಿಂದ ದೂರವೇನಲ್ಲ. ಉಪ್ಪಲ್ ರಸ್ತೆಯಲ್ಲಿರುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1961ರಲ್ಲಿ ಸ್ಥಾಪನೆಯಾಯಿತು. ಅದರ ಆವರಣದ ಕಾಂತ ವೀಕ್ಷಣಾಲಯ 1964ರಿಂದ ದಾಖಲೆಯನ್ನು ಕಾಯ್ದುಕೊಂಡು ಬಂದಿದೆ. ಇಂದು ಮೆಟ್ರೊ ರೈಲಿನ ನಿಲ್ದಾಣವೊಂದಕ್ಕೆ ಆ ಸಂಸ್ಥೆಯದೇ ಹೆಸರಿದೆ. ನಗರ ಅಲ್ಲಿಯವರೆಗೆ ಬೆಳೆದು ಅದನ್ನೂ ದಾಟಿಹೋಗಿದೆ ಎಂಬುದಕ್ಕೆ ಅದೇ ಸಾಕ್ಷಿ. ವಿಜಯವಾಡ ಹೆದ್ದಾರಿಯಲ್ಲಿರುವ ಚೌಟುಪ್ಪಲ್‌ನಲ್ಲಿ ಸಂಸ್ಥೆಯು ಎರಡನೆಯ ವೀಕ್ಷಣಾಲಯವನ್ನು ಕಟ್ಟಿಕೊಂಡಿರುವುದು ಕೊಲಾಬಾದ ಪಾಠದ ಮುಂದುವರಿಕೆಯೆಂದೇ ಹೇಳಬೇಕು. ಆದರೆ ನೆಲದ ಮೇಲಿನ ಯಾವ ವೀಕ್ಷಣಾಲಯಕ್ಕೂ ಒಂದು ಮಿತಿಯುಂಟು. ಭೂಗರ್ಭದ ಕ್ಷೇತ್ರ, ಬಂಡೆಗಳ ಕಾಂತತೆ, ನೂರು ಕಿಲೋಮೀಟರ್ ಎತ್ತರದ ವಿದ್ಯುತ್ ಪ್ರವಾಹ, ಸಾವಿರಾರು ಕಿಲೋಮೀಟರ್ ಆಚೆಯ ವಿದ್ಯುತ್ ಪ್ರವಾಹ ಇವೆಲ್ಲವುಗಳ ಒಟ್ಟು ಮೊತ್ತ ಅಲ್ಲಿ ದಾಖಲಾಗುತ್ತದೆ. ಯಾವುದರ ಪಾಲು ಎಷ್ಟು ಎಂದು ತಿಳಿಯಬೇಕಾದರೆ ಆ ಪ್ರವಾಹಗಳ ನಡುವೆಯೇ ಹೋಗಿ ಅಳೆಯಬೇಕಾಗುತ್ತದೆ.

ಈ ಕಥನದಲ್ಲಿ ಕನ್ನಡನಾಡಿನ ಒಬ್ಬರ ಪಾಲು ದೊಡ್ಡದು, ಮತ್ತು ಅದು ಸಲ್ಲಬೇಕಾದಷ್ಟು ಪ್ರಚಾರ ಪಡೆದಿಲ್ಲ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್ ಅವರನ್ನು ಕನ್ನಡಿಗರು ಆರ್ಯಭಟ ಉಪಗ್ರಹದ ನಿರ್ಮಾತೃವೆಂದು, ಇಸ್ರೊ ಅಧ್ಯಕ್ಷರೆಂದು ಬಲ್ಲರು. ಅದಕ್ಕೂ ಮುಂಚೆ, ಅಮೆರಿಕದಲ್ಲಿದ್ದಾಗ, ಅವರು ಕಾನ್ವೇ ಸ್ನೈಡರ್ ಮತ್ತು ಮಾರ್ಸಿಯಾ ನ್ಯೂಗೆಬಾರ್ ಅವರೊಡನೆ ಮಾರಿನರ್ 2 ನೌಕೆಯ ಅಳತೆಗಳನ್ನು ವಿಶ್ಲೇಷಿಸಿ 1963ರಲ್ಲಿ ಪ್ರಕಟಿಸಿದ ಪ್ರಬಂಧ ಭೂಕಾಂತಶಾಸ್ತ್ರದ ಮೈಲಿಗಲ್ಲುಗಳಲ್ಲೊಂದು. ಶುಕ್ರನತ್ತ ಸಾಗುತ್ತಿದ್ದ ಆ ನೌಕೆ ಸೌರಮಾರುತದ ವೇಗವನ್ನು ತಿಂಗಳುಗಟ್ಟಲೆ ಅಳೆದಿತ್ತು. ನೆಲದ ವೀಕ್ಷಣಾಲಯಗಳು ಮೂರು ಗಂಟೆಗೊಮ್ಮೆ ಕಾಂತಕ್ಷೇತ್ರದ ಕಲಕಾಟವನ್ನು ಒಂದು ಸೂಚ್ಯಂಕವಾಗಿ ಕೊಡುತ್ತಿದ್ದವು. ಎರಡನ್ನೂ ಎದುರುಬದುರಿಟ್ಟು ನೋಡಿದಾಗ ಸೌರಮಾರುತದ ವೇಗ ಹೆಚ್ಚಿದ ದಿನಗಳಲ್ಲಿ ಭೂಮಿಯ ಕಾಂತಕ್ಷೇತ್ರದ ಕಲಕಾಟವೂ ಹೆಚ್ಚುತ್ತದೆಂಬ ನೇರ ಸಂಬಂಧ ಕಂಡುಬಂತು. ಒಂದು ಅಳತೆ ಆಕಾಶದ್ದು, ಇನ್ನೊಂದು ನೆಲದ್ದು. ಎರಡು ಬಿಂದುಗಳನ್ನು ಸೇರಿಸಿದಾಗ ಮಾತ್ರ ಹೊಳೆಯುವ ಸತ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಮುಂದೆ 1965ರಿಂದ 1968ರವರೆಗೆ ಹಾರಿದ ಪಯನೀರ್ 6, 7, 8, 9 ನೌಕೆಗಳು ಸೂರ್ಯನ ಸುತ್ತ ಭೂಮಿಯ ಕಕ್ಷೆಯ ಆಸುಪಾಸಿನಲ್ಲಿ ಚದುರಿ ನಿಂತಾಗ, ಅವುಗಳ ವಿಶ್ವಕಿರಣ ಪ್ರಯೋಗಗಳಲ್ಲೂ ರಾವ್ ಪಾಲ್ಗೊಂಡಿದ್ದರು. ನೌಕೆಗಳ ನಡುವೆ ಕೋಟಿಗಟ್ಟಲೆ ಕಿಲೋಮೀಟರ್ ಅಂತರವಿದ್ದುದರಿಂದ ಅದನ್ನು ವ್ಯೂಹವೆನ್ನಲಾಗದು. ಆದರೆ ಸೌರಬಿರುಗಾಳಿಯನ್ನು ಒಂದಕ್ಕಿಂತ ಹೆಚ್ಚು ಕಡೆಯಿಂದ ನೋಡುವ ಪರಿಪಾಠ ಅಲ್ಲಿ ನೆಲೆಗೊಂಡಿತು.

ಎಷ್ಟು ನೌಕೆಗಳು ಬೇಕು ಎಂಬ ಪ್ರಶ್ನೆಗೆ ಉತ್ತರ ಜ್ಯಾಮಿತಿಯಲ್ಲಿದೆ. ಎರಡು ನೌಕೆಗಳಿದ್ದರೆ ಅವೆರಡನ್ನೂ ಸೇರಿಸುವ ಗೆರೆಯುದ್ದಕ್ಕೂ ಆಗುವ ಬದಲಾವಣೆ ತಿಳಿಯುತ್ತದೆ. 1977ರಲ್ಲಿ ಹಾರಿದ ಐಸೀ 1 ಮತ್ತು ಐಸೀ 2 ಎಂಬ ಜೋಡಿ ಹೀಗೆಯೇ ಕಾಂತಸೀಮೆಯ ವೇಗವನ್ನೂ ನೂರಾರು ಕಿಲೋಮೀಟರ್‌ಗಳ ಅದರ ದಪ್ಪವನ್ನೂ ಅಳೆಯಿತು. ಮೂರು ನೌಕೆಗಳಿಂದ ಒಂದು ಸಮತಲ ದಕ್ಕುತ್ತದೆ. ಮೂರು ಆಯಾಮಗಳೂ ಬೇಕಾದರೆ ಒಂದೇ ಸಮತಲದಲ್ಲಿರದ ನಾಲ್ಕು ನೌಕೆಗಳು ಬೇಕು, ಅಂದರೆ ಅವು ಚತುಷ್ಫಲಕದ, ತ್ರಿಕೋನಾಕಾರದ ನಾಲ್ಕು ಮುಖಗಳುಳ್ಳ ಘನಾಕೃತಿಯ, ಶೃಂಗಗಳಲ್ಲಿ ನಿಲ್ಲಬೇಕು. ಆಗ ಒಂದು ಪೊರೆ ನಾಲ್ಕೂ ನೌಕೆಗಳನ್ನು ಬೇರೆಬೇರೆ ಕ್ಷಣಗಳಲ್ಲಿ ದಾಟುವುದರಿಂದ ಅದರ ದಿಕ್ಕನ್ನೂ ವೇಗವನ್ನೂ ಲೆಕ್ಕಹಾಕಬಹುದು. ಇದಕ್ಕಿಂತ ಬೆಲೆಯುಳ್ಳ ಲಾಭ ಇನ್ನೊಂದಿದೆ. ಕಾಂತಕ್ಷೇತ್ರಕ್ಕೆ ಮೂರು ಘಟಕಗಳು. ಪ್ರತಿಯೊಂದು ಘಟಕವೂ ಮೂರು ದಿಕ್ಕುಗಳಲ್ಲಿ ಎಷ್ಟೆಷ್ಟು ಬದಲಾಗುತ್ತದೆಂಬುದಕ್ಕೆ ಒಟ್ಟು ಒಂಬತ್ತು ಸಂಖ್ಯೆಗಳು. ನಾಲ್ಕು ನೌಕೆಗಳಿಂದ ಸಿಗುವ ಮೂರು ಸ್ವತಂತ್ರ ವ್ಯತ್ಯಾಸಗಳು ಆ ಒಂಬತ್ತನ್ನು ಸರಿಯಾಗಿ ತುಂಬಿಕೊಡುತ್ತವೆ. ಕಾಂತಕ್ಷೇತ್ರ ಸುತ್ತಿಕೊಳ್ಳುವ ಬಗೆಯಿಂದ ಅಲ್ಲಿ ಹರಿಯುವ ವಿದ್ಯುತ್ ಪ್ರವಾಹ ಎಷ್ಟೆಂದು ಹೇಳುವ ಆಂಪೇರನ ನಿಯಮವನ್ನು ಈ ಸಂಖ್ಯೆಗಳಿಗೆ ಹಚ್ಚಿದರೆ, ತಂತಿಯಿಲ್ಲದ ನಿರ್ವಾತಪ್ರಾಯದಲ್ಲಿ ಹರಿಯುವ ಪ್ರವಾಹವನ್ನೂ ಅಳೆದಂತಾಗುತ್ತದೆ. ಕಾಂತಕ್ಷೇತ್ರದ ರೇಖೆಗಳಿಗೆ ಆರಂಭವೂ ಕೊನೆಯೂ ಇಲ್ಲವೆಂಬ ನಿಸರ್ಗನಿಯಮದಿಂದ ಅದೇ ಒಂಬತ್ತು ಸಂಖ್ಯೆಗಳಲ್ಲಿ ನಿರ್ದಿಷ್ಟ ಮೂರರ ಮೊತ್ತ ಸೊನ್ನೆಯಾಗಬೇಕು. ಆಗದಿದ್ದರೆ ಲೆಕ್ಕದಲ್ಲಿ ಎಷ್ಟು ದೋಷವಿರಬಹುದೆಂಬ ಸುಳಿವು ಅಳತೆಯೊಳಗಿಂದಲೇ ದೊರಕುತ್ತದೆ.

ಈ ಜ್ಯಾಮಿತಿಯನ್ನು ಆಕಾಶದಲ್ಲಿ ಮೊದಲು ನಿಜಮಾಡಿದ್ದು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಕ್ಲಸ್ಟರ್ ಯೋಜನೆ. 1996ರ ಜೂನ್ 4ರಂದು ಅದರ ನಾಲ್ಕೂ ನೌಕೆಗಳು ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟದಲ್ಲಿ, ಮೇಲೇರಿದ ಒಂದು ನಿಮಿಷದೊಳಗೆ, ನಾಶವಾದವು. ಹಿಂದಿನ ರಾಕೆಟ್ಟಿಗಾಗಿ ಬರೆದ ತಂತ್ರಾಂಶದ ತುಣುಕೊಂದು ಹೊಸ ರಾಕೆಟ್ಟಿನ ಹೆಚ್ಚಿನ ವೇಗದ ಅಂಕಿಯನ್ನು ತನ್ನ ಚಿಕ್ಕ ಸ್ಥಾನದಲ್ಲಿ ಹಿಡಿಸಲಾರದೆ ಹೋದದ್ದು ಅದಕ್ಕೆ ಕಾರಣ. ಹತ್ತು ವರ್ಷಗಳಿಗೂ ಮೀರಿದ ಶ್ರಮ ಹಾಗೆ ಚೂರಾದ ಮೇಲೂ ವಿಜ್ಞಾನಿಗಳು ಮೂರೇ ನೌಕೆಗಳಿಗೆ ತೃಪ್ತರಾಗಲಿಲ್ಲ, ಏಕೆಂದರೆ ಮೂರರಿಂದ ಆ ಒಂಬತ್ತು ಸಂಖ್ಯೆಗಳು ತುಂಬುವುದಿಲ್ಲ. ಬಿಡಿಭಾಗಗಳಿಂದ ಒಂದನ್ನು ಜೋಡಿಸಿ, ಮೂರನ್ನು ಹೊಸದಾಗಿ ಕಟ್ಟಿ, 2000ದ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಬೈಕನೂರಿನಿಂದ ಎರಡೆರಡಾಗಿ ಹಾರಿಸಲಾಯಿತು. ಎರಡು ವರ್ಷಕ್ಕೆಂದು ಹೊರಟ ಆ ನಾಲ್ಕು ನೌಕೆಗಳು 2024ರವರೆಗೆ ಅಳೆದವು. ಅಗತ್ಯಕ್ಕೆ ತಕ್ಕಂತೆ ಅವುಗಳ ನಡುವಿನ ಅಂತರವನ್ನು ಕೆಲವೇ ಕಿಲೋಮೀಟರಿನಿಂದ ಹತ್ತು ಸಾವಿರ ಕಿಲೋಮೀಟರಿನವರೆಗೆ ಬದಲಿಸಲಾಯಿತು. ಕಾಂತಸೀಮೆಯ ಪಕ್ಕೆಗಳಲ್ಲಿ ಸೌರಮಾರುತ ಎಬ್ಬಿಸುವ ದೈತ್ಯ ಸುಳಿಗಳು, ಕಾಂತಕ್ಷೇತ್ರ ಪೂರ್ತಿ ಸೊನ್ನೆಯಾಗುವ ಬಿಂದುಗಳು ಅವುಗಳ ಕಣ್ಣಿಗೆ ಬಿದ್ದವು.

ನೌಕೆಗಳನ್ನು ಚತುಷ್ಫಲಕದಲ್ಲಿ ನಿಲ್ಲಿಸುವುದೆಂದರೆ ಅವುಗಳನ್ನು ಕಟ್ಟಿಹಾಕುವುದಲ್ಲ. ಪ್ರತಿಯೊಂದೂ ತನ್ನದೇ ಕಕ್ಷೆಯಲ್ಲಿ ಗುರುತ್ವದ ನಿಯಮದಂತೆ ಬೀಳುತ್ತಲೇ ಇರುತ್ತದೆ. ಕಕ್ಷೆಗಳನ್ನು ಒಂದಕ್ಕೊಂದು ತುಸುವೇ ಭಿನ್ನವಾಗಿಟ್ಟು, ಅಳೆಯಬೇಕಾದ ವಲಯಕ್ಕೆ ಬರುವ ಹೊತ್ತಿಗೆ ನಾಲ್ಕೂ ಸರಿಯಾದ ಆಕಾರಕ್ಕೆ ಕೂಡಿಬರುವಂತೆ ಮೊದಲೇ ಲೆಕ್ಕಹಾಕಿರುತ್ತಾರೆ. ಭೂಮಿಯ ಸಮೀಪಕ್ಕೆ ಬಂದಾಗ ಆ ಆಕಾರ ಎಳೆದುಕೊಂಡು ಕೆಡುತ್ತದೆ, ಮತ್ತೆ ಮೇಲೇರುವಾಗ ತೆರೆದುಕೊಳ್ಳುತ್ತದೆ. ಎಲ್ಲ ಕಕ್ಷೆಗಳ ಅವಧಿ ಮಾತ್ರ ಒಂದೇ ಆಗಿರಬೇಕು. ದಿನಕ್ಕೊಂದು ಸುತ್ತು ಬರುವ ಉದ್ದನೆಯ ಕಕ್ಷೆಯಲ್ಲಿ, ಭೂಮಿಗೆ ಅತಿ ಸಮೀಪದ ಬಿಂದುವಿನಲ್ಲಿ ವೇಗವು ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ತಪ್ಪಿದರೂ, ಒಂದೇ ಸುತ್ತಿನಲ್ಲಿ ನೌಕೆ ನೂರಾರು ಮೀಟರ್ ಸರಿದುಹೋಗುತ್ತದೆ. ನಾಸಾ 2015ರ ಮಾರ್ಚಿನಲ್ಲಿ ಹಾರಿಸಿದ ಎಂಎಂಎಸ್ ಎಂಬ ನಾಲ್ಕು ನೌಕೆಗಳ ವ್ಯೂಹ 2016ರಲ್ಲಿ ಪರಸ್ಪರ 7.2 ಕಿಲೋಮೀಟರ್ ಅಂತರಕ್ಕೆ ಬಂದದ್ದು ಎಂತಹ ಸಾಧನೆಯೆಂಬುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಆ ನೌಕೆಗಳು ತಮ್ಮ ಸ್ಥಾನವನ್ನು ತಿಳಿಯಲು ಬಳಸುವುದು ಜಿಪಿಎಸ್ ಸಂಕೇತಗಳನ್ನೇ. ಜಿಪಿಎಸ್ ಉಪಗ್ರಹಗಳು ನೆಲದತ್ತ ಮುಖಮಾಡಿರುವುದರಿಂದ, ಅವುಗಳಿಗಿಂತ ಬಹಳ ಎತ್ತರದಲ್ಲಿರುವ ಎಂಎಂಎಸ್, ಭೂಮಿಯ ಆಚೆ ಬದಿಯ ಉಪಗ್ರಹಗಳಿಂದ ಹೊರಟು ಭೂಮಿಯ ಅಂಚನ್ನು ಸವರಿ ಬರುವ ಕ್ಷೀಣ ಸಂಕೇತಗಳನ್ನು ಹಿಡಿಯುತ್ತದೆ.

ಇಷ್ಟು ಹತ್ತಿರ ಹಾರಬೇಕಾದದ್ದು ಕಾಂತರೇಖೆಗಳ ಮರುಜೋಡಣೆಯನ್ನು ಕಾಣುವುದಕ್ಕಾಗಿ. ಎದುರುಬದುರು ದಿಕ್ಕಿನ ಎರಡು ಕಾಂತಕ್ಷೇತ್ರಗಳು ಒತ್ತಿಬಂದಾಗ ರೇಖೆಗಳು ತುಂಡಾಗಿ ಬೇರೆ ಬಗೆಯಲ್ಲಿ ಕೂಡಿಕೊಂಡು, ಅಲ್ಲಿ ಕೂಡಿಟ್ಟ ಕಾಂತಶಕ್ತಿ ಕಣಗಳ ಓಟವಾಗಿ ಬಿಡುಗಡೆಯಾಗುವ ಕ್ರಿಯೆಗೆ ಮರುಜೋಡಣೆಯೆಂದು ಹೆಸರು. ಸೌರಮಾರುತದ ಶಕ್ತಿ ಕಾಂತಗೋಳದೊಳಗೆ ನುಗ್ಗುವುದು ಮುಖ್ಯವಾಗಿ ಈ ಬಾಗಿಲಿನಿಂದಲೇ. ಇಲೆಕ್ಟ್ರಾನುಗಳು ಕಾಂತರೇಖೆಯ ಹಿಡಿತವನ್ನು ಕಳಚಿಕೊಳ್ಳುವ ಇದರ ಒಳತಿರುಳು ಕಾಂತಸೀಮೆಯಲ್ಲಿ ಕೆಲವೇ ಕಿಲೋಮೀಟರ್ ಅಗಲದ್ದು. ಸೆಕೆಂಡಿಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಸರಿಯುವ ಪೊರೆಯಲ್ಲಿ ಐದು ಕಿಲೋಮೀಟರಿನ ತಿರುಳು ನೌಕೆಯನ್ನು ದಾಟಲು ಸೆಕೆಂಡಿನ ಹತ್ತನೆಯ ಒಂದು ಪಾಲು ಸಾಕು. ಕ್ಲಸ್ಟರ್ ನೌಕೆ ಇಲೆಕ್ಟ್ರಾನುಗಳ ಪೂರ್ಣ ಚಿತ್ರವನ್ನು ಪಡೆಯಲು ತನ್ನ ಸುತ್ತ ಒಮ್ಮೆ ತಿರುಗಬೇಕಿತ್ತು, ಅದಕ್ಕೆ ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಎಂಎಂಎಸ್ ಅದೇ ಕೆಲಸವನ್ನು 30 ಮಿಲಿಸೆಕೆಂಡಿನಲ್ಲಿ ಮಾಡುತ್ತದೆ. 2015ರ ಅಕ್ಟೋಬರ್ 16ರಂದು ನಾಲ್ಕೂ ನೌಕೆಗಳು ಆ ತಿರುಳನ್ನು ದಾಟಿದವು. ಅಲ್ಲಿ ಇಲೆಕ್ಟ್ರಾನುಗಳೇ ವಿದ್ಯುತ್ ಪ್ರವಾಹವನ್ನು ಹೊತ್ತು ಶಕ್ತಿಯ ಬಿಡುಗಡೆಯನ್ನು ನಡೆಸುವ ಚಿತ್ರ ಮೊದಲ ಬಾರಿಗೆ ಅಳತೆಯಾಗಿ ಕೈಸೇರಿತು.

ನಾಸಾದ ಥೀಮಿಸ್ ಯೋಜನೆಯ ಐದು ನೌಕೆಗಳು ಬೇರೊಂದು ಬಗೆಯ ವಿನ್ಯಾಸ ಹಿಡಿದವು: ನಾಲ್ಕು ದಿನಗಳಿಗೊಮ್ಮೆ ಕಾಂತಬಾಲದಲ್ಲಿ ಸಾಲಾಗಿ ನಿಂತು, ಧ್ರುವಪ್ರಭೆ ಹಠಾತ್ತನೆ ಸ್ಫೋಟಿಸುವುದಕ್ಕೆ ಮೊದಲು ಬಾಲದಲ್ಲಿ ಮರುಜೋಡಣೆ ನಡೆದಿರುತ್ತದೆಂಬುದನ್ನು 2008ರಲ್ಲಿ ತೋರಿಸಿದವು.

ಇವೆಲ್ಲ ದೂರದ ಕಾಂತಗೋಳದ ಮಾತಾದವು. ಭೂಮಿಗೆ ಅಂಟಿಕೊಂಡಂತೆ ಹಾರುವ ವ್ಯೂಹ ಸ್ವಾರ್ಮ್. ಐರೋಪ್ಯ ಸಂಸ್ಥೆ 2013ರ ನವೆಂಬರ್ 22ರಂದು ಹಾರಿಸಿದ ಇದರ ಮೂರು ಉಪಗ್ರಹಗಳಲ್ಲಿ ಎರಡು ಆರಂಭದಲ್ಲಿ ಸುಮಾರು 460 ಕಿಲೋಮೀಟರ್ ಎತ್ತರದಲ್ಲಿ ಅಕ್ಕಪಕ್ಕದಲ್ಲಿಯೂ, ಮೂರನೆಯದು ಇನ್ನೂ ಐವತ್ತು ಕಿಲೋಮೀಟರ್ ಮೇಲೆ ಬೇರೊಂದು ಕಕ್ಷೆಯಲ್ಲಿಯೂ ನೆಲೆಗೊಂಡವು. ಅಕ್ಕಪಕ್ಕದ ಜೋಡಿಗೆ ಭೂಗರ್ಭದ ಕ್ಷೇತ್ರ ಹೆಚ್ಚುಕಡಿಮೆ ಒಂದೇ ಆಗಿ ಕಾಣುವುದರಿಂದ, ಎರಡರ ಓದಿನ ವ್ಯತ್ಯಾಸವನ್ನು ತೆಗೆದರೆ ಬಂಡೆಗಳ ಕಾಂತತೆ ಮತ್ತು ಹತ್ತಿರದ ವಿದ್ಯುತ್ ಪ್ರವಾಹಗಳು ಎದ್ದುಕಾಣುತ್ತವೆ. ದಕ್ಷಿಣ ಅಟ್ಲಾಂಟಿಕ್ ಮೇಲಿನ ಕಾಂತಕ್ಷೇತ್ರ ಹೇಗೆ ದುರ್ಬಲವಾಗುತ್ತಿದೆಯೆಂಬುದರ ನಿಖರ ನಕ್ಷೆಯೂ ಇವುಗಳಿಂದಲೇ ಸಿಕ್ಕಿತು.

ಭಾರತದ ಮಟ್ಟಿಗೆ ಬಂದರೆ, 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ಸೂರ್ಯ ಮತ್ತು ಭೂಮಿಯ ನಡುವಿನ ಎಲ್1 ಬಿಂದುವಿನ ಸುತ್ತಲ ಕಕ್ಷೆಯನ್ನು ಸೇರಿದ ಆದಿತ್ಯ ಎಲ್1 ಮುಖ್ಯವಾದುದು. ಬೆಂಗಳೂರಿನ ಇಸ್ರೊ ಪ್ರಯೋಗಾಲಯದಲ್ಲಿ ರೂಪುಗೊಂಡ ಅದರ ಕಾಂತಮಾಪಕದಲ್ಲಿ ಎರಡು ಸಂವೇದಕಗಳಿವೆ: ಆರು ಮೀಟರ್ ಉದ್ದದ ತೋಳಿನ ತುದಿಯಲ್ಲೊಂದು, ನಡುವಿನಲ್ಲೊಂದು. ನೌಕೆಯ ಸ್ವಂತ ಕಾಂತತೆ ಹತ್ತಿರದ ಸಂವೇದಕಕ್ಕೆ ಹೆಚ್ಚಾಗಿಯೂ ದೂರದ್ದಕ್ಕೆ ಕಡಿಮೆಯಾಗಿಯೂ ತಟ್ಟುವುದರಿಂದ ಅದನ್ನು ಗುರುತಿಸಿ ಕಳೆಯಬಹುದು. ಒಂದೇ ನೌಕೆಯೊಳಗೂ ಎರಡು ಬಿಂದುಗಳ ತತ್ತ್ವವೇ ಕೆಲಸಮಾಡುತ್ತಿದೆ. 2024ರ ಮೇ 10 ಮತ್ತು 11ರಂದು, ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪೇರಿದ ಆ ದೊಡ್ಡ ಕಾಂತಬಿರುಗಾಳಿಯಲ್ಲಿ, ಆದಿತ್ಯದ ಅಳತೆಯನ್ನು ಅಮೆರಿಕದ ಆರು ನೌಕೆಗಳ ಅಳತೆಯೊಡನೆ ಸೇರಿಸಿ ನೋಡಿದ ಭಾರತೀಯ ವಿಜ್ಞಾನಿಗಳಿಗೆ, ಸೂರ್ಯನಿಂದ ಬಂದ ಕಾಂತಮೋಡದ ಒಳಗೇ ಸುಮಾರು 13 ಲಕ್ಷ ಕಿಲೋಮೀಟರ್ ವಿಸ್ತಾರದಲ್ಲಿ ಮರುಜೋಡಣೆ ನಡೆಯುತ್ತಿದ್ದದ್ದು ಗೊತ್ತಾಯಿತು. ಇದು ಯೋಜಿತ ವ್ಯೂಹವಲ್ಲ, ಬೇರೆಬೇರೆ ಉದ್ದೇಶಗಳಿಗೆ ಹಾರಿದ ನೌಕೆಗಳ ಆಕಸ್ಮಿಕ ಕೂಟ. ಆದರೂ ಒಂಟಿ ನೌಕೆಗೆ ಸಾಧ್ಯವಿಲ್ಲದ ತೀರ್ಮಾನ ಅದರಿಂದ ಸಾಧ್ಯವಾಯಿತು.

ಯೋಜಿತ ವ್ಯೂಹಕ್ಕೆ ಬೇಕಾದ ಕೈಚಳಕವೂ ದೇಶಕ್ಕೆ ಬಂದಿದೆ. 2024ರ ಡಿಸೆಂಬರ್ 5ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ಹೊತ್ತೊಯ್ದ ಐರೋಪ್ಯ ಪ್ರೋಬಾ 3ರ ಎರಡು ನೌಕೆಗಳು 150 ಮೀಟರ್ ಅಂತರದಲ್ಲಿ ಮಿಲಿಮೀಟರ್ ನಿಖರತೆಯಿಂದ ನಿಂತು, ಒಂದರ ನೆರಳಿನಲ್ಲಿ ಇನ್ನೊಂದು ಸೂರ್ಯನ ಹೊರವಲಯವನ್ನು ನೋಡುವ ಪ್ರಯೋಗ ನಡೆಸಿವೆ. ಅದೇ ತಿಂಗಳ 30ರಂದು ಹೊರಟ ಇಸ್ರೊದ ಸ್ಪೇಡೆಕ್ಸ್ ಜೋಡಿ ಕಿಲೋಮೀಟರುಗಳ ಅಂತರದಿಂದ ಹಂತಹಂತವಾಗಿ ಹತ್ತಿರವಾಗಿ 2025ರ ಜನವರಿ 16ರಂದು ಕೂಡಿಕೊಂಡಿತು. ಕೂಡಿಕೊಳ್ಳುವುದನ್ನು ಸುದ್ದಿಮಾಧ್ಯಮಗಳು ಸಂಭ್ರಮಿಸಿದವು. ಭೂಕಾಂತಶಾಸ್ತ್ರದ ದೃಷ್ಟಿಯಿಂದ ಅದಕ್ಕಿಂತ ಅಮೂಲ್ಯವಾದದ್ದು ಕೂಡುವ ಮುನ್ನ ಎರಡೂ ನೌಕೆಗಳು ನಿಗದಿತ ಅಂತರದಲ್ಲಿ ಅಲುಗದೆ ನಿಂತ ಗಳಿಗೆಗಳು.

ಈ ಸಾಮರ್ಥ್ಯವನ್ನು ಎಲ್ಲಿ ತೊಡಗಿಸಬೇಕು ಎಂಬುದಕ್ಕೆ ಭಾರತದ ಭೂಗೋಳವೇ ಉತ್ತರ ಕೊಡುತ್ತದೆ. ಕಾಂತಸೂಜಿ ನೆಲಕ್ಕೆ ಪೂರ್ತಿ ಸಮಾನಾಂತರವಾಗಿ ನಿಲ್ಲುವ ಗೆರೆಗೆ ಕಾಂತವಿಷುವರೇಖೆಯೆಂದು ಹೆಸರು. ಅದು ದೇಶದ ದಕ್ಷಿಣ ತುದಿಯಲ್ಲಿ ತಿರುನೆಲ್ವೇಲಿಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಆ ರೇಖೆಯುದ್ದಕ್ಕೂ, ನೆಲದಿಂದ ಸುಮಾರು 105 ಕಿಲೋಮೀಟರ್ ಎತ್ತರದಲ್ಲಿ, ಆರುನೂರು ಕಿಲೋಮೀಟರಿನಷ್ಟು ಅಗಲದ ಕಿರುಪಟ್ಟಿಯಲ್ಲಿ ಹಗಲು ಹೊತ್ತು ಪೂರ್ವಾಭಿಮುಖವಾಗಿ ತೀವ್ರ ವಿದ್ಯುತ್ ಪ್ರವಾಹ ಹರಿಯುತ್ತದೆ. ಸಿಡ್ನಿ ಚಾಪ್ಮನ್ 1951ರಲ್ಲಿ ಇದಕ್ಕೆ ಇಕ್ವಟೋರಿಯಲ್ ಇಲೆಕ್ಟ್ರೋಜೆಟ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ವಿಷುವ ವಿದ್ಯುದ್ಧಾರೆ ಎನ್ನಬಹುದು. 1963ರಲ್ಲಿ ತುಂಬಾದಿಂದ ಮೊದಲ ರಾಕೆಟ್ ಹಾರಿಸಲು ಆ ಮೀನುಗಾರರ ಊರನ್ನೇ ಆರಿಸಿಕೊಂಡದ್ದು ಈ ಧಾರೆಯ ಸಾಮೀಪ್ಯಕ್ಕಾಗಿ. ಭಾರತೀಯ ಭೂಕಾಂತ ಸಂಸ್ಥೆಯವರು ಇದರ ಬಲವನ್ನು ಅಳೆಯುವುದು ತಿರುನೆಲ್ವೇಲಿಯ ಓದಿನಿಂದ ಅಲಿಬಾಗಿನ ಓದನ್ನು ಕಳೆದು. ಧಾರೆಯ ಕೆಳಗಿರುವ ಊರು ಒಂದು, ಧಾರೆಯಿಂದ ದೂರವಿರುವ ಊರು ಇನ್ನೊಂದು.

ಸ್ವಾರ್ಮ್‌ನಂತಹ ಧ್ರುವಕಕ್ಷೆಯ ಉಪಗ್ರಹ ಈ ಪಟ್ಟಿಯನ್ನು ಅಡ್ಡಹಾಯುವುದು ಒಂದೂವರೆ ನಿಮಿಷದಲ್ಲಿ; ಒಂದು ರೇಖಾಂಶದ ಮೇಲೆ ಅದು ಮತ್ತೆ ಬರುವ ಹೊತ್ತಿಗೆ ಧಾರೆಯ ಸ್ಥಿತಿ ಬದಲಾಗಿರುತ್ತದೆ. ಅದರ ಬದಲು, ಆಸ್ಟ್ರೋಸ್ಯಾಟ್ ದೂರದರ್ಶಕವನ್ನು ಇಸ್ರೊ 2015ರಲ್ಲಿ ವಿಷುವದ್ವೃತ್ತಕ್ಕೆ ಆರೇ ಡಿಗ್ರಿ ಓರೆಯಾದ ಕಕ್ಷೆಯಲ್ಲಿ ನೆಲೆಗೊಳಿಸಿದಂತೆ, ಮೂರ್ನಾಲ್ಕು ಚಿಕ್ಕ ಉಪಗ್ರಹಗಳನ್ನು ತಗ್ಗು ಓರೆಯ ಕಕ್ಷೆಯಲ್ಲಿ ಹಾರಿಸುವುದು ಹೆಚ್ಚು ಫಲಕಾರಿ. ಕಾಂತವಿಷುವರೇಖೆ ಭಾರತದ ಬಳಿ ವಿಷುವದ್ವೃತ್ತದಿಂದ ಉತ್ತರಕ್ಕೆ ಎಂಟೊಂಬತ್ತು ಡಿಗ್ರಿಯೂ, ಪೆರುವಿನ ಬಳಿ ದಕ್ಷಿಣಕ್ಕೆ ಹನ್ನೆರಡರಷ್ಟೂ ಸರಿಯುವುದರಿಂದ ಓರೆ ಹನ್ನೆರಡರಿಂದ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರಬೇಕು, ಮತ್ತು ಹದಿಮೂರುವರೆ ಡಿಗ್ರಿ ಅಕ್ಷಾಂಶದಾಚೆ ಇರುವ ಶ್ರೀಹರಿಕೋಟಕ್ಕೆ ಅದು ಒಗ್ಗುವ ದಿಕ್ಕು. ದಿಶಾ ಎಂಬ ಹೆಸರಿನ ಜೋಡಿ ಉಪಗ್ರಹಗಳ ಪ್ರಸ್ತಾವ ಇಸ್ರೊದ ಮುಂದಿದ್ದು, ಅವುಗಳಲ್ಲೊಂದಕ್ಕೆ ತಗ್ಗು ಓರೆಯ ಕಕ್ಷೆಯನ್ನೇ ಉದ್ದೇಶಿಸಲಾಗಿದೆ. ಆ ಒಂದನ್ನು ಒಂದು ಚಿಕ್ಕ ಸಾಲಾಗಿ ಹಿಗ್ಗಿಸುವುದು ಈ ಕಾಲದ ಅತ್ಯಂತ ನ್ಯಾಯವಾದ ವೈಜ್ಞಾನಿಕ ಬೇಡಿಕೆಗಳಲ್ಲೊಂದು.

ಅಂತಹ ಸಾಲಿಗೆ ಕಾದಿರುವ ಪ್ರಶ್ನೆಗಳಲ್ಲಿ ಒಂದು ನಿರ್ದಿಷ್ಟವಾದದ್ದು. ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ವಿಷುವ ವಿದ್ಯುದ್ಧಾರೆ ದುರ್ಬಲವಾಗಿ, ನಿಂತು, ಪಶ್ಚಿಮಕ್ಕೆ ತಿರುಗಿ ಹರಿಯುತ್ತದೆ. ಹೀಗೆ ತಿರುಗಿದ ಧಾರೆಯ ಒಂದು ರೇಖಾಂಶದ ಕೆಳಗೆ ಕುಳಿತ ತಿರುನೆಲ್ವೇಲಿಗೆ ಅದು ಶುರುವಾದ ಕ್ಷಣ ತಿಳಿಯುತ್ತದೆ. ಹತ್ತು ನಿಮಿಷದ ಅಂತರದಲ್ಲಿ ಒಂದರ ಹಿಂದೊಂದು ಹಾರುವ ನಾಲ್ಕು ಉಪಗ್ರಹಗಳು ಅರ್ಧ ಗಂಟೆಯೊಳಗೆ ಅದೇ ಆಕಾಶವನ್ನು ನಾಲ್ಕು ಬಾರಿ ನೋಡಬಲ್ಲವು, ಪ್ರತಿ ಬಾರಿಯೂ ಅರಬ್ಬಿ ಸಮುದ್ರದಿಂದ ಬಂಗಾಳ ಕೊಲ್ಲಿಯವರೆಗಿನ ಪಟ್ಟಿಯನ್ನು ಉದ್ದಕ್ಕೂ ಓದಬಲ್ಲವು. ಆಗ ಆ ತಿರುವು ಇಡೀ ಪಟ್ಟಿಯಲ್ಲಿ ಒಮ್ಮೆಗೇ ಆಗುತ್ತದೆಯೋ, ಅಥವಾ ಒಂದು ಕಡೆ ಹುಟ್ಟಿ ಸೂರ್ಯನ ಜಾಡಿನಲ್ಲಿ ಪಶ್ಚಿಮಕ್ಕೆ ಸರಿಯುತ್ತ ಹೋಗುತ್ತದೆಯೋ, ಸರಿದರೆ ಯಾವ ವೇಗದಲ್ಲಿ ಸರಿಯುತ್ತದೆಯೋ ಎಂಬುದನ್ನು ಅದು ನಡೆಯುತ್ತಿರುವಾಗಲೇ ಆಯಾ ದಿನಕ್ಕೆ ನೇರವಾಗಿ ಅಳೆಯಬಹುದು.